ಡಿಂಗಿ ಡೆಕ್ ಮೇಲೆ ಬರಲಿ, ಆಮೇಲೆ ಲಂಗರು ಎತ್ತಿ

ಹೊರಡುವ ಹಿಂದಿನ ದಿನ ಯಾಟ್ ಮಾಲೀಕರು ಡಿಂಗಿ (ದಡಕ್ಕೆ ಹೋಗಿಬರಲು ಯಾಟ್ ಜೊತೆ ಇರುವ, ಗಾಳಿ ತುಂಬಿದ ಪುಟ್ಟ ದೋಣಿ) ಬಗ್ಗೆ ಕೇಳುವ ಮಾತು ಹೆಚ್ಚುಕಡಿಮೆ ಇದೇ: "ಡಿಂಗಿ ಹಿಂದೆ ಕಟ್ಟಿಕೊಂಡೇ ಹೋಗಬಹುದಲ್ವಾ, ಸುಮ್ನೆ ಮೇಲೆತ್ತುವ ತಾಪತ್ರಯ ಯಾಕೆ?" ಗಾಳಿ ಕಮ್ಮಿ ಇರುವಾಗ ಪಕ್ಕದ ಕೊಲ್ಲಿಗೆ ಹೋಗುವುದಾದರೆ ಸರಿ, ಕಟ್ಟಿಕೊಳ್ಳಿ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ, ಅಂದರೆ ಸುಮಾರು 2,700 ನಾಟಿಕಲ್ ಮೈಲಿ, ಬೇಡವೇ ಬೇಡ.

ಆ ದಾರಿಯಲ್ಲಿ ಗಾಳಿ, ಅಲೆ ಎರಡೂ ಬಹುತೇಕ ಬೆನ್ನ ಹಿಂದಿನಿಂದ. ಅಲೆಯ ತಗ್ಗಿನಲ್ಲಿ ಯಾಟ್ ನಿಧಾನವಾಗುತ್ತದೆ, ಅಷ್ಟರಲ್ಲಿ ಹಿಂದಿನ ಡಿಂಗಿ ಅಲೆಯ ಬೆನ್ನೇರಿ ಜಾರಿ ಬರುತ್ತದೆ, ಹಗ್ಗ ಸಡಿಲವಾಗಿ ಡಿಂಗಿ ಅಡ್ಡ ತಿರುಗುತ್ತದೆ, ಆಮೇಲೆ ಯಾಟ್ ಮುಂದೆ ನುಗ್ಗಿದಾಗ ಹಗ್ಗ ಫಟ್ಟನೆ ಬಿಗಿಯುತ್ತದೆ. ರಾತ್ರಿಯಿಡೀ ಇದೇ ಜಗ್ಗಾಟ. ಎಷ್ಟೋ ಸಲ ಹಗ್ಗ ಗಟ್ಟಿಯಾಗೇ ಇರುತ್ತದೆ, ಡಿಂಗಿಯ ಟ್ಯೂಬಿಗೆ ಅಂಟಿಸಿದ, ಹಗ್ಗ ಕಟ್ಟುವ ಬಳೆ ಕಿತ್ತು ಬರುತ್ತದೆ. ನೀರು ತುಂಬಿದರಂತೂ ಮುಗಿಯಿತು: 100 ಲೀಟರ್ ಸಮುದ್ರದ ನೀರೇ 100 ಕೆಜಿಗಿಂತ ಜಾಸ್ತಿ, ಡಿಂಗಿ ಹಿಡಿಯುವುದು ಅದರ ಹಲವು ಪಟ್ಟು. ಆ ಅಲೆಯಲ್ಲಿ ಅದನ್ನು ಮೇಲೆತ್ತಲು ಯಾರಿಂದಲೂ ಆಗಲ್ಲ, ಹಗ್ಗ ಕತ್ತರಿಸಬೇಕು, ಅಷ್ಟೇ. ಕತ್ತರಿಸಿದರೆ ರೇಡಿಯೋದಲ್ಲಿ ತಿಳಿಸಿ. ಖಾಲಿ ಡಿಂಗಿ ಕಂಡವರು ಯಾರೋ ನೀರಿಗೆ ಬಿದ್ದಿದ್ದಾರೆ ಅಂತ ಹುಡುಕಾಟ ಶುರು ಮಾಡಿಬಿಡುತ್ತಾರೆ.

"ಹಿಂದುಗಡೆ ಡೇವಿಟ್ ಇದೆಯಲ್ಲ, ಅದಕ್ಕೆ ನೇತುಹಾಕ್ತೀನಿ" ಅನ್ನುವವರಿಗೂ ನನ್ನ ಉತ್ತರ ಅದೇ. ಡೇವಿಟ್ ಅಂದರೆ ಡಿಂಗಿ ನೇತುಹಾಕಲು ಯಾಟ್ ಹಿಂಭಾಗದಲ್ಲಿ ಚಾಚಿರುವ ತೋಳುಗಳು. ಹಿಂದಿನಿಂದ ಬಂದ ಒಂದು ದೊಡ್ಡ ಅಲೆ ಡಿಂಗಿ ತುಂಬಿಸಿದರೆ ಅಷ್ಟೂ ಭಾರ ಆ ಎರಡು ಲೋಹದ ತೋಳುಗಳ ಮೇಲೆ. ಕರಾವಳಿ ಸುತ್ತಾಟಕ್ಕೆ ಡೇವಿಟ್ ಚೆನ್ನ.

ಜಾಗವಿದ್ದರೆ ಡಿಂಗಿಯ ಗಾಳಿ ತೆಗೆದು, ಸುತ್ತಿ, ಲಾಕರಿಗೆ ಹಾಕಿ. ಇಲ್ಲದಿದ್ದರೆ ಮುಂದಿನ ಡೆಕ್ ಮೇಲೆ ಬೋರಲು ಹಾಕಿ ಬಿಗಿಯಿರಿ. ಬಿಗಿಯುವ ಪಟ್ಟಿ ಪಾಲಿಯೆಸ್ಟರ್‌ದೇ ಇರಲಿ. ನೈಲಾನ್ ನೆನೆದಾಗ ಹಿಗ್ಗುತ್ತದೆ, ಸಂಜೆ ಬಿಗಿದದ್ದು ಬೆಳಗ್ಗೆಗೆ ಸಡಿಲ. ಪಟ್ಟಿ ಉಜ್ಜುವ ಕಡೆ ಹಳೆ ಮೆದುಗೊಳವೆ ಸೀಳಿ ತೊಡಿಸಿ. ಇಷ್ಟೆಲ್ಲ ಬಂದರಿನ ನಿಂತ ನೀರಿನಲ್ಲೇ ಮುಗಿಯಲಿ, ಹೊರಗೆ ಹೋದಮೇಲೆ ನೋಡೋಣ ಅನ್ನಬೇಡಿ.

ಡಿಂಗಿಯ ಔಟ್‌ಬೋರ್ಡ್ ಎಂಜಿನ್ (ಹೊರಗೆ ಸಿಕ್ಕಿಸುವ ಎಂಜಿನ್) ಬಿಚ್ಚಿ ಯಾಟ್‌ನ ಹಿಂದಿನ ರೇಲಿಂಗ್ ಮೇಲೆ ಹಾಕಿ, ಕಾರ್ಬ್ಯುರೇಟರ್ ಖಾಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಸೇರಿಕೊಳ್ಳುತ್ತದೆ, ಹಾಗಾಗಿ ಪೆಟ್ರೋಲ್ ಡಬ್ಬಿ ಕ್ಯಾಬಿನ್ ಒಳಗೆ ಬೇಡ. ಡಿಂಗಿ ಡೆಕ್ ಮೇಲೆ ಇಟ್ಟಮೇಲೂ ಮುಂದಿನ ಹ್ಯಾಚ್ (ಡೆಕ್‌ನ ಮುಚ್ಚಳದ ಬಾಗಿಲು) ತೆರೆಯುತ್ತದಾ, ಲಂಗರು ಎತ್ತುವ ಯಂತ್ರವಾದ ವಿಂಡ್ಲಾಸ್‌ಗೆ ಕೈ ಎಟುಕುತ್ತದಾ ನೋಡಿ. ಲೈಫ್‌ರಾಫ್ಟ್ (ತುರ್ತಿನಲ್ಲಿ ಜೀವ ಉಳಿಸುವ ತೆಪ್ಪ) ಮೇಲೆ ಮಾತ್ರ ಡಿಂಗಿ ಕಟ್ಟಲೇಬೇಡಿ.