ಚಳಿಗಾಲದಲ್ಲಿ ಡಬ್ಲ್ಯೂಟಿಡಬ್ಲ್ಯೂ ಮಷಿನ್ ಆಫ್ ಮಾಡಬಹುದಾ?

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸ ಮನೆಗೆ ಬಂದಿದ್ದೇವೆ. ಅಟ್ಟದಲ್ಲಿ ಡಬ್ಲ್ಯೂಟಿಡಬ್ಲ್ಯೂ ಯೂನಿಟ್ ಇದೆ, ಅಂದರೆ ಹೊರಹೋಗುವ ಗಾಳಿಯ ಶಾಖ ಉಳಿಸಿಕೊಂಡು ಮನೆಗೆ ಹೊಸ ಗಾಳಿ ಕೊಡುವ ಮಷಿನ್. ಹಗಲೂ ರಾತ್ರಿ ಗುಂಯ್ ಅನ್ನುತ್ತಲೇ ಇರುತ್ತದೆ. ಚಳಿಯಲ್ಲಿ ಮಲಗುವ ಕೋಣೆಗೆ ತಣ್ಣನೆ ಗಾಳಿ ಬೇರೆ. ರಾತ್ರಿ ಪ್ಲಗ್ ತೆಗೆದಿಟ್ಟರೆ ಕರೆಂಟೂ ಉಳಿಯುತ್ತೆ, ನಿದ್ದೆಯೂ ಬರುತ್ತೆ ಅಲ್ವಾ?

ಉತ್ತರ: ದಯವಿಟ್ಟು ತೆಗೆಯಬೇಡಿ. ನಿಮ್ಮ ಗೋಡೆಯ ಸ್ವಿಚ್ ನೋಡಿ. ಹೆಚ್ಚಿನ ಮನೆಗಳಲ್ಲಿ ಅದರ ಮೇಲೆ 1, 2, 3 ಅಂತ ವೇಗ ಮಾತ್ರ ಇರುತ್ತದೆ, ಆಫ್ ಇರುವುದೇ ಇಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ. ಹೊಸ ಡಚ್ ಮನೆಗಳಲ್ಲಿ ಗಾಳಿ ನುಸುಳಲು ಸಂದುಗೊಂದೇ ಇರುವುದಿಲ್ಲ. ಕಿಟಕಿ ಮುಚ್ಚಿದ ಮೇಲೆ ಮನೆಗೆ ಗಾಳಿ ಬರುವುದು ಈ ಮಷಿನ್‌ನಿಂದಲೇ.

ಅದು ಮಾಡುವ ಕೆಲಸ ಇಷ್ಟು. ಅಡುಗೆಮನೆ, ಬಚ್ಚಲು, ಟಾಯ್ಲೆಟ್‌ನಿಂದ ಬೆಚ್ಚಗಿನ ಹಳೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊರಗಿನ ತಣ್ಣನೆ ಹೊಸ ಗಾಳಿಯನ್ನು ಹಾಲ್‌ಗೂ ಮಲಗುವ ಕೋಣೆಗೂ ಕಳಿಸುತ್ತದೆ. ನಡುವೆ ತೆಳುವಾದ ಪದರಗಳಿರುವ ಒಂದು ಪೆಟ್ಟಿಗೆ ಇದೆ. ಅದರೊಳಗೆ ಎರಡೂ ಗಾಳಿ ಅಕ್ಕಪಕ್ಕ ಹರಿಯುತ್ತವೆ. ಶಾಖ ದಾಟುತ್ತದೆ, ಗಾಳಿ ಬೆರೆಯುವುದಿಲ್ಲ. ಹಾಗಾಗಿ ಒಗ್ಗರಣೆ ವಾಸನೆ ಈ ಮಷಿನ್ ಮೂಲಕ ಮಲಗುವ ಕೋಣೆಗೆ ಬರುತ್ತೆ ಅನ್ನುವ ಭಯ ಬೇಡ.

ಈಗ ಲೆಕ್ಕ ನೋಡೋಣ. ಹೊರಗೆ 5 ಡಿಗ್ರಿ, ಒಳಗೆ 20 ಅಂತ ಇಟ್ಟುಕೊಳ್ಳಿ. ಶೇ 80ರಷ್ಟು ಶಾಖ ವಾಪಸ್ ಬಂದರೂ ಕೋಣೆಗೆ ಬರುವ ಗಾಳಿ 17 ಡಿಗ್ರಿ ಇರುತ್ತದೆ. ಮೈಗೆ ತಾಗಿದಾಗ ತಣ್ಣಗೆ ಅನ್ನಿಸುವುದು ಸಹಜ. ಹಾಸಿಗೆ ಸೀಲಿಂಗಿನಲ್ಲಿ ಗಾಳಿ ಬರುವ ವಾಲ್ವ್‌ನ ಕೆಳಗೇ ಇದ್ದರೆ ಸ್ವಲ್ಪ ಸರಿಸಿ. ಗಂಟೆಗೆ 150 ಘನ ಮೀಟರ್ ಗಾಳಿ ಬದಲಾಗುತ್ತಿದ್ದರೆ ಈ ಚಳಿಯಲ್ಲಿ ಸುಮಾರು 600 ವ್ಯಾಟ್ ಶಾಖ ಮನೆಯಲ್ಲೇ ಉಳಿಯುತ್ತದೆ. ಫ್ಯಾನ್‌ಗಳು 40 ವ್ಯಾಟ್ ತಿಂದರೆ ವರ್ಷಕ್ಕೆ 350 ಯೂನಿಟ್ ಆಗುತ್ತದೆ. ಯೂನಿಟ್‌ಗೆ 30 ಸೆಂಟ್ ಅಂತ ಹಿಡಿದರೂ ನೂರೈದು ಯೂರೋ. ಬರೀ ರಾತ್ರಿ ಪ್ಲಗ್ ತೆಗೆದರೆ ಉಳಿಯುವುದು ಅದರಲ್ಲೊಂದು ಪಾಲು ಅಷ್ಟೇ.

ಕಳೆದುಕೊಳ್ಳುವುದು ಮಾತ್ರ ಜಾಸ್ತಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 420) ಆಸುಪಾಸಿನಲ್ಲಿರುತ್ತದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ 2000 ದಾಟಬಹುದು. ಎದ್ದಾಗ ತಲೆ ಭಾರ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ತೇವ. ಸ್ನಾನ, ಕುಕ್ಕರ್, ಒಳಗೇ ಒಣಹಾಕಿದ ಬಟ್ಟೆ, ನಮ್ಮ ಉಸಿರು, ಎಲ್ಲದರ ನೀರೂ ಗಾಳಿ ಸೇರುತ್ತದೆ. ಅದು ಹೊರಗೆ ಹೋಗದಿದ್ದರೆ ಕಿಟಕಿ ಗಾಜಿನ ಮೇಲೆ, ವಾರ್ಡ್‌ರೋಬ್ ಹಿಂದಿನ ತಣ್ಣನೆ ಗೋಡೆಯ ಮೇಲೆ ಕೂರುತ್ತದೆ. ಆಮೇಲೆ ಬೂಸ್ಟು. ಮಷಿನ್ ನಿಂತಿದ್ದರೆ ಕೊಳವೆಯೊಳಗೂ ನೀರು ಕಟ್ಟಬಹುದು.

ಹಾಗಾದರೆ ಸದ್ದಿಗೆ ಏನು ಮಾಡುವುದು? ಇದನ್ನು ಸಹಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆಮರ್ಸ್‌ಫೋರ್ಟ್ ಊರಿನ ವಾಟ್‌ಹೋರ್ಸ್ಟ್ ಬಡಾವಣೆಯ ಜನ 2007-08ರ ಹೊತ್ತಿಗೆ ಇಂಥದೇ ವ್ಯವಸ್ಥೆಯಿಂದ ಆರೋಗ್ಯ ಕೆಡುತ್ತಿದೆ ಅಂತ ದೂರಿದ್ದರು. ತನಿಖೆ ಮಾಡಿದಾಗ ಬೇಕಾದಷ್ಟು ಗಾಳಿ ಬರುತ್ತಿರಲಿಲ್ಲ, ಸದ್ದೂ ಜಾಸ್ತಿ ಅನ್ನುವುದು ಗೊತ್ತಾಯಿತು. ಸರಿಯಾಗಿ ಕೂರಿಸಿ, ಆಮೇಲೆ ನೋಡಿಕೊಂಡರೆ ಮಾತ್ರ ಈ ಮಷಿನ್ ಒಳ್ಳೆಯದು. ಸದ್ದು ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆಯಾ? ಮೊದಲು ಫಿಲ್ಟರ್ ನೋಡಿ. ಅದು ಕಟ್ಟಿಕೊಂಡರೆ ಅಷ್ಟೇ ಗಾಳಿ ಎಳೆಯಲು ಫ್ಯಾನ್ ಜೋರಾಗಿ ತಿರುಗಬೇಕು. ಸದ್ದೂ ಜಾಸ್ತಿ, ಕರೆಂಟೂ ಜಾಸ್ತಿ.

ಪ್ಲಗ್ ತೆಗೆದು ಫಿಲ್ಟರ್ ಎಳೆದು ನೋಡಿ. ಹೊರಗಿನ ಗಾಳಿಯದು ಕಪ್ಪಗೆ ಇರುತ್ತದೆ, ಮಡಿಕೆಗಳಲ್ಲಿ ಸತ್ತ ಸೊಳ್ಳೆ, ಎಲೆ ಚೂರು. ಒಳಗಿನ ಗಾಳಿಯದರ ಮೇಲೆ ಬಟ್ಟೆಯ ನಾರು ಬೂದು ಬಣ್ಣದ ಕಂಬಳಿಯಂತೆ ಅಂಟಿರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಯೂಮ್‌ನಿಂದ ಎಳೆಯಿರಿ, ನೀರಿಗೆ ಹಾಕಬೇಡಿ. ಆರು ತಿಂಗಳಿಂದ ವರ್ಷದೊಳಗೆ ಹೊಸದು ಹಾಕಿ. ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಲಿ, ಹಾಕಿದ ತಾರೀಕನ್ನು ಅಂಚಿನ ಮೇಲೆ ಬರೆದಿಡಿ. ಮನೆಯಲ್ಲಿ ಯಾರಿಗಾದರೂ ಪರಾಗದ ಅಲರ್ಜಿ ಇದ್ದರೆ ಹೊರಗಾಳಿಗೆ ಸಣ್ಣ ಕಣಗಳನ್ನೂ ಹಿಡಿಯುವ ಎಫ್7 ಫಿಲ್ಟರ್ ತಗೊಳ್ಳಿ.

ಸೀಲಿಂಗಿನ ದುಂಡು ವಾಲ್ವ್‌ಗಳನ್ನು ಸೋಪು ನೀರಲ್ಲಿ ತೊಳೆಯಬಹುದು. ಆದರೆ ನಡುವಿನ ತಟ್ಟೆಯನ್ನು ತಿರುಗಿಸಬೇಡಿ, ಆ ಕೋಣೆಗೆ ಎಷ್ಟು ಗಾಳಿ ಅನ್ನುವುದು ಅದರಲ್ಲೇ ನಿಗದಿಯಾಗಿರುತ್ತದೆ. ಒಂದೊಂದಾಗಿ ತೆಗೆದು ತೊಳೆದು ಅಲ್ಲಲ್ಲೇ ಹಾಕಿ, ಇಲ್ಲದಿದ್ದರೆ ಅದಲುಬದಲಾಗುತ್ತವೆ. ನಮ್ಮ ಅಡುಗೆಮನೆಗಳಲ್ಲಿ ಎಣ್ಣೆ ಜಿಡ್ಡು ಬೇಗ ಕೂರುತ್ತದೆ. ಸ್ಟೌವ್ ಹಚ್ಚುವ ಮೊದಲೇ 3ಕ್ಕೆ ಹಾಕಿ, ಅಡುಗೆ ಮುಗಿದ ಮೇಲೂ ಅರ್ಧ ಗಂಟೆ ಬಿಡಿ. ಸ್ಟೌವ್ ಮೇಲಿನ ಚಿಮ್ನಿಯನ್ನು ಮಾತ್ರ ಈ ಕೊಳವೆಗೆ ಜೋಡಿಸಲೇಬಾರದು. ಬಾಗಿಲ ಕೆಳಗಿನ ಎರಡು ಸೆಂಟಿಮೀಟರ್ ಸಂದನ್ನು ಮ್ಯಾಟ್ ಹಾಕಿ ಮುಚ್ಚಬೇಡಿ, ಗಾಳಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು ಅಲ್ಲಿಂದಲೇ. ಬಚ್ಚಲಿನ ವಾಲ್ವ್‌ಗೆ ಟಾಯ್ಲೆಟ್ ಪೇಪರಿನ ಒಂದು ಹಾಳೆ ಹಿಡಿದು ನೋಡಿ, ಅಂಟಿಕೊಂಡರೆ ಗಾಳಿ ಎಳೆಯುತ್ತಿದೆ ಅಂತ ಅರ್ಥ.

ರಜೆಗೆ ಊರಿಗೆ ಹೊರಟಾಗಲೂ 1ರಲ್ಲಿ ಓಡುತ್ತಿರಲಿ. ವಾಪಸ್ ಬಂದಾಗ ಯೂನಿಟ್ ಹತ್ತಿರ ಚರಂಡಿ ವಾಸನೆ ಅಥವಾ ಗುಳುಗುಳು ಸದ್ದು ಬಂದರೆ ನೀರು ಹೋಗುವ ಪೈಪಿನ ಬಾಗಿನಲ್ಲಿ ವಾಸನೆ ತಡೆಯುವ ನೀರು ಒಣಗಿರುತ್ತದೆ. ಅದಕ್ಕೊಂದು ಲೋಟ ನೀರು ಹಾಕಿದರೆ ಸಾಕು.

ಫಿಲ್ಟರ್ ತೆಗೆಯುವಾಗ ಬಿಟ್ಟರೆ ಪ್ಲಗ್ ನಿಜವಾಗಿಯೂ ತೆಗೆಯಬೇಕಾದ ಸಮಯ ಇನ್ನೊಂದಿದೆ. ಹತ್ತಿರದಲ್ಲಿ ದೊಡ್ಡ ಬೆಂಕಿ ಬಿದ್ದು, ಕಿಟಕಿ ಬಾಗಿಲು ಮುಚ್ಚಿ ವೆಂಟಿಲೇಷನ್ ನಿಲ್ಲಿಸಿ ಅಂತ ಮೊಬೈಲ್‌ಗೆ ಸರ್ಕಾರದ ತುರ್ತು ಸಂದೇಶ ಎನ್‌ಎಲ್-ಅಲರ್ಟ್ ಬಂದಾಗ. ಸ್ವಿಚ್‌ನಲ್ಲಿ ಆಫ್ ಇಲ್ಲದ್ದರಿಂದ ಪ್ಲಗ್ ಎಲ್ಲಿದೆ ಅಂತ ಮನೆಮಂದಿಗೆಲ್ಲ ಈಗಲೇ ತೋರಿಸಿಡಿ. ಅಪಾಯ ಕಳೆದ ಮೇಲೆ ಮತ್ತೆ ಹಾಕಿ, ಕಿಟಕಿ ತೆರೆದು ಸ್ವಲ್ಪ ಹೊತ್ತು 3ರಲ್ಲಿ ಓಡಿಸಿ.