ಬೂದು ಬಾತಿಗೆ ಬೂದು ಆಕಾಶ

ಗ್ಯಾಡ್ವಾಲ್ ಅಂತ ಒಂದು ಕಾಡುಬಾತು ಇದೆ. ದೂರದಿಂದ ನೋಡಿದರೆ ಗಂಡು ಹಕ್ಕಿ ಮೈಗೆಲ್ಲ ಬೂದಿ ಬಳಿದುಕೊಂಡ ಹಾಗಿರುತ್ತದೆ. ಹಿಂಭಾಗ ಕಪ್ಪು. ಅಷ್ಟೇ. ಬಿಸಿಲಲ್ಲಿ ನಾನು ತೆಗೆದ ಅದರ ಫೋಟೋಗಳಲ್ಲಿ ಉಳಿಸಿಕೊಂಡದ್ದಕ್ಕಿಂತ ಅಳಿಸಿದ್ದೇ ಜಾಸ್ತಿ. ಒಂದು ದಿನ ಮೋಡ ದಟ್ಟವಾಗಿ ಕವಿದಿತ್ತು. ಬೇರೆ ಬಾತುಗಳು ಹತ್ತಿರ ಸುಳಿಯಲಿಲ್ಲ, ಬೇಸರದಲ್ಲಿ ಇದನ್ನೇ ತೆಗೆದೆ. ಆಮೇಲೆ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ, ಪಕ್ಕೆಯ ಗರಿಗಳ ತುಂಬ ಕೂದಲೆಳೆಯಂಥ ಗೆರೆಗಳು, ಅಲೆ ಅಲೆಯಾಗಿ. ಎದೆಯ ಮೇಲೆ ಮೀನಿನ ಹುರುಪೆ ಜೋಡಿಸಿದಂತೆ ಪುಟ್ಟ ಪುಟ್ಟ ಅರ್ಧಚಂದ್ರಗಳು.

ಆ ಗೆರೆಗಳು ಬಿಸಿಲಲ್ಲೂ ಅಲ್ಲೇ ಇದ್ದವು, ಅಲ್ವಾ? ಹಾಗಾದರೆ ಆಗ ಯಾಕೆ ಕಾಣಲಿಲ್ಲ?

ಸೂರ್ಯ ಎಷ್ಟೇ ದೊಡ್ಡದಿರಲಿ, ನಮ್ಮ ಆಕಾಶದಲ್ಲಿ ಅದರ ಅಗಲ ಅರ್ಧ ಡಿಗ್ರಿ ಮಾತ್ರ. ಹುಣ್ಣಿಮೆ ಚಂದ್ರನೂ ಹೆಚ್ಚುಕಡಿಮೆ ಅಷ್ಟೇ. ತೋಳು ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಚಂದ್ರ ಪೂರ್ತಿ ಮುಚ್ಚಿಹೋಗುತ್ತದೆ. ಬೆಳಕು ಅಷ್ಟು ಚಿಕ್ಕ ಜಾಗದಿಂದ ಬಂದರೆ ನೆರಳಿನ ಅಂಚು ಚಾಕುವಿನಿಂದ ಕೊಯ್ದಂತಿರುತ್ತದೆ. ಬಾತಿನ ಮೈ ಮೇಲೆ ಒಂದು ಗರಿಯ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ನುಣುಪಾದ ಗರಿ ಮಿಂಚುತ್ತದೆ, ಬಿಳಿ ಗರಿ ಸುಟ್ಟ ಹಾಗೆ ಬೆಳ್ಳಗಾಗುತ್ತದೆ, ಹೊಟ್ಟೆಯ ಕೆಳಗೆ ಕತ್ತಲು. ಸಣ್ಣ ಗೆರೆಗಳು ಈ ಗಲಾಟೆಯಲ್ಲಿ ಕಳೆದುಹೋಗುತ್ತವೆ.

ಮೋಡದ ಹನಿಯ ದಪ್ಪ ಸುಮಾರು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ನಮಗದು ಏನೂ ಅಲ್ಲ, ಆದರೆ ಬೆಳಕಿನ ಅಲೆಯ ಪಾಲಿಗೆ ದೊಡ್ಡ ಬಂಡೆ. ಹಾಗಾಗಿ ಅದು ಕೆಂಪು, ಹಸಿರು, ನೀಲಿ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತದೆ. ಮೋಡ ಬೆಳ್ಳಗೆ ಕಾಣುವುದೂ ಅದಕ್ಕೇ. ಒಂದು ಹನಿಯಿಂದ ಇನ್ನೊಂದಕ್ಕೆ ಬಡಿದು ಬಡಿದು ಕೆಳಗಿಳಿಯುವ ಹೊತ್ತಿಗೆ ಬೆಳಕಿಗೆ ತಾನು ಎಲ್ಲಿಂದ ಹೊರಟೆ ಅನ್ನುವುದೇ ಮರೆತಿರುತ್ತದೆ. ಈಗ ಇಡೀ ಆಕಾಶವೇ ದೀಪ. ಎಲ್ಲ ಕಡೆಯಿಂದ ಬೆಳಕು ಬಂದಾಗ ನೆರಳಿಗೆ ನಿಲ್ಲಲು ಜಾಗವಿಲ್ಲ. ನೀರಿನ ಮೇಲೆ ಕಣ್ಣು ಕುಕ್ಕುವ ಮಿನುಗೂ ಇಲ್ಲ.

ಮಲ್ಲಾರ್ಡ್ ಅನ್ನುವ ಇನ್ನೊಂದು ಕಾಡುಬಾತಿನ ಗಂಡಿಗಿರುವ ಹಸಿರು ತಲೆಯ ಕತೆ ಬೇರೆ. ಅಲ್ಲಿ ಹಸಿರು ಬಣ್ಣದ ವಸ್ತುವೇ ಇಲ್ಲ. ನಮ್ಮ ಕೂದಲನ್ನು ಕಪ್ಪಾಗಿಸುವ ಮೆಲನಿನ್ನೇ ಅಲ್ಲೂ ಇರುವುದು. ಅದರ ಪುಟ್ಟ ಕಣಗಳು ಗರಿಯ ಎಳೆಗಳಲ್ಲಿ ಒಪ್ಪವಾಗಿ ಜೋಡಿಸಿಕೊಂಡಿರುತ್ತವೆ. ಅಲ್ಲಿಂದ ವಾಪಸ್ ಬರುವ ಅಲೆಗಳು ಒಂದಕ್ಕೊಂದು ಸೇರಿ ಹಸಿರನ್ನು ಮಾತ್ರ ಜೋರು ಮಾಡುತ್ತವೆ. ಇದೆಲ್ಲ ಕೋನದ ಆಟ. ಬಿಸಿಲಲ್ಲಿ ಹಕ್ಕಿ ಕತ್ತು ಸ್ವಲ್ಪ ತಿರುಗಿಸಿದರೂ ಸಾಕು, ಫಳಫಳ ಹಸಿರು ಹೋಗಿ ಕಪ್ಪು. ಮೋಡದಲ್ಲಿ ಆ ಝಗಮಗ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಹಸಿರು ತಲೆಯ ತುಂಬ ಮೆತ್ತಗೆ ಹರಡಿಕೊಳ್ಳುತ್ತದೆ. ನನಗಂತೂ ಅದೇ ಇಷ್ಟ.

ಇದೇನೂ ಪುಕ್ಕಟೆ ಸಿಗುವುದಲ್ಲ. ಫಿಲ್ಮ್ ಕಾಲದ ಒಂದು ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ: ಒಳ್ಳೆ ಬಿಸಿಲಿದ್ದರೆ ಲೆನ್ಸಿನ ಕಿಂಡಿ ಎಫ್/16, ದಟ್ಟ ಮೋಡವಿದ್ದರೆ ಎಫ್/5.6 (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅಂದರೆ ಮೋಡದಲ್ಲಿ ಮೂರು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡು ಪಟ್ಟು), ಬೆಳಕು ಎಂಟನೇ ಒಂದು ಭಾಗ. ಬೇರೇನನ್ನೂ ಬದಲಿಸದಿದ್ದರೆ, ಬಿಸಿಲಲ್ಲಿ 1/1000 ಸೆಕೆಂಡ್ ಇದ್ದ ಶಟರ್ ಈಗ 1/125ಕ್ಕೆ ಇಳಿಯಬೇಕು, ಅಂದರೆ ಎಂಟು ಪಟ್ಟು ಹೊತ್ತು ತೆರೆದಿರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರುವ ಬಾತು ಅಷ್ಟರಲ್ಲಿ 13 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000ದಲ್ಲಾದರೆ ಎರಡು ಸೆಂಟಿಮೀಟರ್ ಕೂಡ ಇಲ್ಲ. ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಮೈಯನ್ನು ನಿಲ್ಲಿಸಬಹುದು, ಆದರೆ ರೆಕ್ಕೆ ಕೇಳಬೇಕಲ್ಲ!

ಸರಿ, ಕ್ಯಾಮೆರಾದಲ್ಲಿ ಐಎಸ್‌ಒ ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಏರಿಸೋಣ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಐಎಸ್‌ಒ ಏರಿಸಿದರೆ ಬೆಳಕೇನೂ ಜಾಸ್ತಿಯಾಗುವುದಿಲ್ಲ, ಸಿಕ್ಕಿದ್ದನ್ನೇ ಕ್ಯಾಮೆರಾ ಜೋರು ಮಾಡಿ ತೋರಿಸುತ್ತದೆ. ಬೆಳಕು ಫೋಟಾನ್ ಅನ್ನುವ ಬಿಡಿ ಕಣಗಳಾಗಿ, ಮಳೆಹನಿ ಬಿದ್ದ ಹಾಗೆ ಬೀಳುತ್ತದೆ. ಎರಡು ಬಟ್ಟಲು ಪಕ್ಕಪಕ್ಕ ಇಟ್ಟರೂ ಎರಡಕ್ಕೂ ಅಷ್ಟಷ್ಟೇ ಹನಿ ಬೀಳುವುದಿಲ್ಲವಲ್ಲ, ಹಾಗೆ. ಈ ಏರುಪೇರು ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಬಿದ್ದರೆ ಏರುಪೇರು 100, ಶೇಕಡಾ 1. ಅದರ ಎಂಟನೇ ಒಂದು ಭಾಗ, 1,250 ಬಿದ್ದರೆ ಏರುಪೇರು 35, ಹತ್ತಿರ ಹತ್ತಿರ ಶೇಕಡಾ 3. ಫೋಟೋದಲ್ಲಿ ಮರಳು ಎರಚಿದಂತೆ ಕಾಣುವುದು ಬಹುಪಾಲು ಇದೇ. ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಮರಳನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸುಮಾರಾಗಿ ಗುಡಿಸಬಹುದು. ಅಲುಗಾಡಿದ ಕಣ್ಣನ್ನು ಸರಿಮಾಡುವುದು ಕಷ್ಟ. ಹಾಗಾಗಿ ಹಾರುವ ಬಾತಿಗೆ ನಾನು ಶಟರ್ ಇಳಿಸುವುದಿಲ್ಲ, ಐಎಸ್‌ಒ ಎಲ್ಲಿಗೆ ಬೇಕಾದರೂ ಹೋಗಲಿ. ಸುಮ್ನೆ ತೇಲುವ ಬಾತಿಗೆ 1/250 ಸಾಕು.

ನನ್ನನ್ನು ನಿಜವಾಗಿ ಕಾಡಿಸಿದ್ದು ಆಕಾಶ. ಮೊದಮೊದಲು ಮೋಡದ ಕೆಳಗೆ ಹಾರುವ ಬಾತು ತೆಗೆದಾಗಲೆಲ್ಲ ಕಪ್ಪು ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬಂತು. ಆಕಾಶ ಮಂಕಾಗಿದೆ ಅಂದುಕೊಂಡಿದ್ದೆ. ಆದರೆ ಆ ದಿನ ದೀಪವೇ ಅದು, ಅದರಿಂದ ಬೆಳಗುವ ಗರಿ ಅದಕ್ಕಿಂತ ಹೆಚ್ಚು ಹೊಳೆಯುವುದಾದರೂ ಹೇಗೆ? ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿದ್ದದ್ದನ್ನೆಲ್ಲ ನಡುಮಟ್ಟದ ಬೂದು ಮಾಡಲು ನೋಡುತ್ತದೆ. ಬಿಳಿ ಆಕಾಶವನ್ನು ಬೂದಿಗೆ ಎಳೆದಾಗ ಪಾಪ, ಬಾತು ಕತ್ತಲಿಗೆ ಇಳಿಯುತ್ತದೆ. ಒಂದೂವರೆ ಸ್ಟಾಪ್‌ನಷ್ಟು ಹೆಚ್ಚು ಬೆಳಕು ಕೊಟ್ಟರೆ ಹೊಟ್ಟೆಯ ಗರಿ ಕಾಣುತ್ತದೆ. ಆಕಾಶ ಬೆಳ್ಳಗೆ ಹೋದರೆ ಹೋಗಲಿ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅದಕ್ಕಿಂತ ಒಳ್ಳೆಯದು, ಹಕ್ಕಿ ಕೆಳಗಿಳಿದು ಜೊಂಡಿನ ಮುಂದೆ ಬರುವವರೆಗೆ ಕಾಯುವುದು.

ಜೊಂಡಿನ ಮುಂದೆ ಇಳಿಯಿತು ಅನ್ನಿ, ಆಗ ನಾವೂ ಇಳಿಯಬೇಕು. ಮೊಣಕೈ ಕೆಸರಲ್ಲಿ ಊರಿ, ಲೆನ್ಸನ್ನು ನೀರಿಗೆ ಒಂದು ಗೇಣು ಮೇಲೆ ಹಿಡಿದರೆ ನೀರು ಕನ್ನಡಿಯಾಗುತ್ತದೆ. ನೇರ ಮೇಲಿಂದ ಬಿದ್ದ ಬೆಳಕಿನಲ್ಲಿ ನೀರು ಶೇಕಡಾ 2ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ಓರೆಯಾದಷ್ಟೂ ಅದು ಏರುತ್ತಾ ಹೋಗುತ್ತದೆ. ನಿಂತು ತೆಗೆದರೆ ನೀರಲ್ಲಿ ಬರೀ ಬಿಳಿ ಮೋಡ. ಮಲಗಿದರೆ ಎದುರು ದಡದ ಹಸಿರು ಬಾತಿನ ಸುತ್ತ ಬಂದು ನಿಲ್ಲುತ್ತದೆ.

ಇನ್ನು ಕಣ್ಣು. ಪೂರ್ತಿ ಮೋಡದ ಆಕಾಶ ದಿಗಂತಕ್ಕಿಂತ ನೆತ್ತಿಯಲ್ಲಿ ಸುಮಾರು ಮೂರು ಪಟ್ಟು ಬೆಳಗಿರುತ್ತದೆ. ಹಾಗಾಗಿ ಬಾತು ತಲೆ ತಗ್ಗಿಸಿದಾಗ ಕಣ್ಣು ಸತ್ತ ಗುಂಡಿಯ ಹಾಗೆ. ನೀರು ಕುಡಿದು ಕೊಕ್ಕು ಮೇಲೆತ್ತುತ್ತದಲ್ಲ, ಆ ಕ್ಷಣಕ್ಕೆ ಕಣ್ಣಲ್ಲಿ ಆಕಾಶ ಬಂದು ಕೂರುತ್ತದೆ. ಅಂಥ ಒಂದು ಫೋಟೋವನ್ನು ಪಿಕ್ಸೆಲ್ ಬಿಡಿಬಿಡಿಯಾಗುವವರೆಗೆ ಹಿಗ್ಗಿಸಿದ್ದೆ. ಕಣ್ಣಿನ ಮೇಲರ್ಧದಲ್ಲಿ ಬೆಳ್ಳನೆ ಮೋಡ, ಕೆಳಗೆ ಬಾಗಿದ ದಡದ ಗೆರೆ, ಗೆರೆಯ ಮೇಲೆ ಒಂದು ಸಣ್ಣ ಕಪ್ಪು ಉಬ್ಬು. ಕಸ ಅಂದುಕೊಂಡು ಒರೆಸಲು ಹೊರಟೆ. ನೋಡಿದರೆ ಅದು ಕೆಸರಲ್ಲಿ ಮಲಗಿದ್ದ ನಾನೇ.