80 ಇದ್ದವನು ಸೋತ, ಹಾಗಾದ್ರೆ ಫಿಕ್ಸಾ?

ಪ್ರಶ್ನೆ: ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ (ಮುಂದೇನಾಗುತ್ತದೆ ಎಂಬುದರ ಮೇಲೆ ದುಡ್ಡು ಹಾಕುವ ಕಡೆ) 80 ಸೆಂಟ್ ಬೆಲೆಯಿದ್ದ ಆಟಗಾರನೇ ಸೋತುಬಿಟ್ಟ. ಈ ಬೆಲೆ ಕಟ್ಟುವವರು ಯಾರು? ಅದನ್ನು ನಂಬುವುದು ಹೇಗೆ?

ಉತ್ತರ: ಮತ್ತೆ ಅದೇ ಪ್ರಶ್ನೆ! ಇರಲಿ, ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಕಾಲ್ಶಿ, ಪಾಲಿಮಾರ್ಕೆಟ್‌ನಂಥ ಪ್ರಿಡಿಕ್ಷನ್ ಮಾರ್ಕೆಟ್‌ಗಳಲ್ಲಿ ಬೆಲೆ ಕಟ್ಟುವುದು ಕಂಪನಿಯಲ್ಲ. ‘ಇವನು ಗೆಲ್ಲುತ್ತಾನೆ’ ಎಂದು ನೀವು 62 ಸೆಂಟ್ ಕೊಡಲು ತಯಾರು. ‘ಇಲ್ಲ’ ಎಂದು ಇನ್ಯಾರೋ 38 ಕೊಡಲು ತಯಾರು. ಎರಡೂ ಸೇರಿದರೆ ಒಂದು ಡಾಲರ್. ಪಂದ್ಯ ಮುಗಿದ ಮೇಲೆ ಸರಿ ಹೇಳಿದವರಿಗೆ ಪೂರ್ತಿ ಡಾಲರ್, ಇನ್ನೊಬ್ಬರಿಗೆ ಸೊನ್ನೆ. ಬೇಕಾದರೆ ಮಧ್ಯದಲ್ಲೇ ಮಾರಿ ಹೊರಬರಬಹುದು. ಅಷ್ಟೇ. (ನಮ್ಮಲ್ಲಿ ಆಡುವುದು ಹೇಗೆ ಅಂತ ಮಾತ್ರ ಕೇಳಬೇಡಿ. ದುಡ್ಡಿನ ಆನ್‌ಲೈನ್ ಆಟ ಆಡಿಸುವುದನ್ನೇ 2025ರ ಕಾನೂನು ನಿಷೇಧಿಸಿದೆ.)

ಈಗ ‘80 ಇದ್ದವನು ಸೋತರೆ ಪಂದ್ಯ ಫಿಕ್ಸ್’ ಎಂಬ, ಬಿಟ್ಟರೂ ಬಿಡದ ಆ ನಂಬಿಕೆಗೆ ಬರೋಣ. 80 ಅಂದರೆ ‘ಗೆದ್ದೇ ಗೆಲ್ಲುತ್ತಾನೆ’ ಅಂತಲ್ಲ ಸ್ವಾಮಿ. ಇಂಥ 100 ಪಂದ್ಯಗಳಲ್ಲಿ 80ರಷ್ಟು ಗೆಲ್ಲಬಹುದು ಅಂತ. ಉಳಿದ 20 ಸೋಲುಗಳೂ ಆ ಬೆಲೆಯ ಒಳಗೇ ಇವೆ. 80 ಬೆಲೆಯಿದ್ದ ನೂರಕ್ಕೆ ನೂರು ಜನವೂ ಗೆದ್ದುಬಿಟ್ಟರೆ ಆಗ ಅನುಮಾನಪಡಿ! ಬೆಲೆ ತಪ್ಪಾಗಿತ್ತು, 80ಕ್ಕಿಂತ ತುಂಬಾ ಜಾಸ್ತಿ ಇರಬೇಕಿತ್ತು ಅಂತ ಅರ್ಥ. ಒಂದು ಪಂದ್ಯ ನೋಡಿ ಮಾರ್ಕೆಟ್ ಸುಳ್ಳು ಅನ್ನುವುದು, ಒಂದು ಅಗುಳು ಹಿಸುಕಿ ಇಡೀ ಊರಿನ ಅನ್ನ ಬೆಂದಿಲ್ಲ ಅಂದ ಹಾಗೆ.

2019ರ ವಿಂಬಲ್ಡನ್ ಫೈನಲ್ ನೆನಪಿದೆ ಅಲ್ವಾ? ಐದನೇ ಸೆಟ್, 8-7, ಫೆಡರರ್ ಸರ್ವ್, 40-15. ಎರಡರಲ್ಲಿ ಒಂದು ಪಾಯಿಂಟ್ ಬಂದರೆ ಕಪ್ ಕೈಯಲ್ಲಿ. ಸರ್ವ್ ಮಾಡುವವರು 100ಕ್ಕೆ 65 ಪಾಯಿಂಟ್ ಗೆಲ್ಲುತ್ತಾರೆ ಅಂತಿಟ್ಟುಕೊಳ್ಳಿ. ಎರಡನ್ನೂ ಕಳೆದುಕೊಳ್ಳುವ ಸಾಧ್ಯತೆ 100ಕ್ಕೆ ಸುಮಾರು 12. ಆಮೇಲೂ ಡ್ಯೂಸ್ (40-40 ಸಮ) ಅಷ್ಟೇ, ಸರ್ವ್ ಅವರದೇ. ಗೇಮ್ ಹೋದರೂ 8-8, ಪಂದ್ಯ ಹೋಗಿಲ್ಲ. ಅಂದರೆ ಆ ಕ್ಷಣದಲ್ಲಿ 95 ಕೇಳಿದ್ದರೂ ದುಬಾರಿಯಲ್ಲ. ಎದುರಾಳಿ ಜೊಕೊವಿಚ್ ಸಾಲಾಗಿ ನಾಲ್ಕು ಪಾಯಿಂಟ್ ಗೆದ್ದು ಗೇಮ್ ಕಿತ್ತುಕೊಂಡರು, ಕೊನೆಗೆ 13-12ರಲ್ಲಿ ಸೆಟ್ಟನ್ನೂ. ಲೆಕ್ಕ ತಪ್ಪಿರಲಿಲ್ಲ. ಅಪರೂಪದ್ದು ನಡೆಯಿತು, ಅಷ್ಟೇ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಟೆನಿಸ್‌ನಲ್ಲಿ ಡ್ರಾ ಇಲ್ಲ, ಚೆಸ್‌ನಲ್ಲಿದೆ. ಒಂದು ಗೇಮಿಗೆ ‘ಗುಕೇಶ್ ಗೆಲ್ಲುತ್ತಾರೆ’ 20 ಅಂತಿದ್ದರೆ ಡಿಂಗ್ ಲಿರೆನ್ 80 ಅಂತಲ್ಲ. ಡಿಂಗ್ 10 ಇರಬಹುದು, ಮಿಕ್ಕ 70 ಡ್ರಾಗೆ. ‘ಇಲ್ಲ’ ಕೊಂಡವರು ಡ್ರಾ ಆದರೂ ಗೆಲ್ಲುತ್ತಾರೆ. 2024ರ ಡಿಸೆಂಬರ್ 12, ಸಿಂಗಪುರ, ಇವರಿಬ್ಬರ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ 14ನೇ ಗೇಮ್. ಅಂಕ 6.5-6.5. ಬೋರ್ಡಿನ ಮೇಲೆ ಡ್ರಾ ಆಗುವಂಥ ಆಟವೇ ಇತ್ತು, ಎಲ್ಲರೂ ಮರುದಿನದ ಟೈಬ್ರೇಕ್ ಮಾತಾಡುತ್ತಿದ್ದರು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು (ರೂಕ್) ಎಫ್2 ಮನೆಗೆ ಇಟ್ಟರು, ಅದೇ ದೊಡ್ಡ ತಪ್ಪು. ಗುಕೇಶ್ ಬೋರ್ಡ್ ನೋಡಿದರು, ಕಣ್ಣರಳಿಸಿದರು. ಡ್ರಾ ಪಾಲಿನ 70 ಅಲ್ಲಿಗೆ ಸೊನ್ನೆ, ಗುಕೇಶ್ ಗೆದ್ದರು.